ಬೋರ್ಡು ಬಿಡಿ, ಬುಟ್ಟಿ ನೋಡಿ: ತಳಕಲ್ ಸೀಮೆಯಲ್ಲಿ ಒಳ್ಳೆಯ ಊಟಕ್ಕೆ ಹದಿನಾಲ್ಕು ಸೂತ್ರಗಳು

ತಳಕಲ್ ದೊಡ್ಡ ಊರಲ್ಲ. ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿತ್ತು, ಈಗ ಕುಕನೂರು ತಾಲ್ಲೂಕಿಗೆ ಸೇರಿದೆ. ಆದರೆ ಹುಬ್ಬಳ್ಳಿ–ಹೊಸಪೇಟೆ ರೈಲುಹಾದಿಯಿಂದ ಗದಗ–ವಾಡಿ ಮಾರ್ಗ ಕವಲೊಡೆಯುವುದು ಇಲ್ಲೇ. 2025ರ ಮೇ ತಿಂಗಳಲ್ಲಿ ಆ ಮಾರ್ಗದಲ್ಲಿ ಕುಷ್ಟಗಿಗೆ ರೈಲು ಬಂತು. ಹುಬ್ಬಳ್ಳಿಯಲ್ಲಿ ಹತ್ತಿದವರು ಈಗ ನೇರ ಕುಕನೂರಿನಲ್ಲೋ ಯಲಬುರ್ಗಾದಲ್ಲೋ ಇಳಿಯಬಹುದು. ಇಟಗಿಯ ಮಹಾದೇವ ದೇವಾಲಯ, ಕುಕನೂರಿನ ನವಲಿಂಗ ಗುಡಿ, ಗಂಗಾವತಿ ಬಳಿಯ ಅಂಜನಾದ್ರಿ ನೋಡಲು ಬರುವವರಂತೂ ಬರುತ್ತಲೇ ಇದ್ದಾರೆ. ಅವರಲ್ಲಿ ಬಹಳ ಮಂದಿ ಹೆದ್ದಾರಿ ಪಕ್ಕ ಗೋಬಿ ಮಂಚೂರಿ ತಿಂದು, ‘ಈ ಕಡೆ ಊಟ ಅಷ್ಟಕ್ಕಷ್ಟೆ’ ಎಂದು ಹೇಳಿ ಹೊರಟುಬಿಡುತ್ತಾರೆ. ಅವರು ಹುಡುಕಿದ ಜಾಗವೇ ತಪ್ಪು. ಈ ಸೀಮೆಯ ರುಚಿ ಹಿಟ್ಟು, ಹೊತ್ತು, ಹಬ್ಬ ಈ ಮೂರರ ಬೆನ್ನು ಹತ್ತಿದವರಿಗೆ ಸಿಗುತ್ತದೆ. ಬೋರ್ಡು ನೋಡಿ ಹೋದವರಿಗೆ ಸಿಗುವುದು ಅಪರೂಪ.

1. ಬೆಳೆ ನೋಡಿ ಊಟ ಆರಿಸಿ

ಊಟದ ಲೆಕ್ಕದಲ್ಲಿ ಕೊಪ್ಪಳ ಜಿಲ್ಲೆಯನ್ನು ಎರಡು ಭಾಗ ಮಾಡಿಕೊಳ್ಳಿ. ಯಲಬುರ್ಗಾ, ಕುಕನೂರಿನ ಎರೆ ಹೊಲಗಳಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ. ಕುಷ್ಟಗಿ ಕಡೆಯ ಮಸಾರಿ ನೆಲದಲ್ಲಿ ಸಜ್ಜೆ, ನವಣೆ. ಇದು ಮಳೆ ನಂಬಿದ ರೊಟ್ಟಿಯ ಸೀಮೆ. ಗಂಗಾವತಿ, ಕಾರಟಗಿ ಕಡೆ ತಿರುಗಿದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಎದುರಾಗುತ್ತದೆ. 1953ರಲ್ಲಿ ಅಣೆಕಟ್ಟು ಮುಗಿದ ಮೇಲೆ ಅಲ್ಲಿ ಭತ್ತ ಹಬ್ಬಿತು. ಆಂಧ್ರದ ರೈತರು ಬಂದು ಭೂಮಿ ಹಿಡಿದು ‘ಕ್ಯಾಂಪ್’ಗಳನ್ನು ಕಟ್ಟಿಕೊಂಡರು. ಅವರ ಜೊತೆ ಅವರ ಅಡುಗೆಯೂ ಬಂತು. ಹಾಗಾಗಿ ರೊಟ್ಟಿ ಬೇಕಿದ್ದರೆ ತಳಕಲ್ಲಿನಿಂದ ಉತ್ತರಕ್ಕೆ ಹೋಗಿ. ಅನ್ನ–ಸಾರು, ಇಡ್ಲಿ, ಪೆಸರಟ್ಟು ಬೇಕಿದ್ದರೆ ಪೂರ್ವಕ್ಕೆ ಹೋಗಿ. ಗಂಗಾವತಿಯಲ್ಲಿ ಕೂತು ಬಿಸಿ ರೊಟ್ಟಿಗೆ ಹಟ ಹಿಡಿಯುವುದು, ಯಲಬುರ್ಗಾದಲ್ಲಿ ಕೂತು ದೋಸೆ ಗರಿಗರಿ ಇಲ್ಲವೆಂದು ಗೊಣಗುವುದು, ಎರಡೂ ಹೊಟ್ಟೆಗೆ ಮಾಡಿಕೊಳ್ಳುವ ಮೋಸ.

2. ‘ಚಲೋ ಹೋಟೆಲ್ ಯಾವುದು?’ ಎಂದು ಕೇಳಲೇಬೇಡಿ

ಪರಊರಿನವರು ಹಾಗೆ ಕೇಳಿದರೆ ಜನ ಮರ್ಯಾದೆಗೆಂದು ಟೇಬಲ್ಲು, ಫ್ಯಾನು, ಎ.ಸಿ. ಇರುವ ಜಾಗಕ್ಕೇ ಕಳಿಸುತ್ತಾರೆ. ನಿಮ್ಮ ಬಟ್ಟೆಬರೆ ನೋಡಿ ಹೇಳುವ ಉತ್ತರ ಅದು. ಪ್ರಶ್ನೆ ಬದಲಿಸಿ: ‘ಅಣ್ಣಾರ, ನೀವು ಮಧ್ಯಾಹ್ನ ಎಲ್ಲಿ ಉಣ್ತೀರಿ?’ ‘ಇಲ್ಲಿ ಬಿಸಿ ರೊಟ್ಟಿ ಯಾರು ಬಡೀತಾರ್ರಿ?’ ‘ಪುಂಡಿಪಲ್ಯ ಇವತ್ತ ಎಲ್ಲಿ ಸಿಗತೈತಿ?’ ತಿನಿಸಿನ ಹೆಸರು ಹಿಡಿದು ಕೇಳಿದವರಿಗೆ ಜನ ಓಣಿಯ ತಿರುವಿನ ಸಮೇತ ದಾರಿ ಹೇಳುತ್ತಾರೆ. ಮೊಬೈಲಿನ ನಕ್ಷೆಯಲ್ಲಿರುವ ಚುಕ್ಕಿಗಳನ್ನು ಪೂರ್ತಿ ನಂಬಬೇಡಿ. ಮನೆಯ ಪಡಸಾಲೆಯಲ್ಲೇ ನಡೆಯುವ ಖಾನಾವಳಿಗೆ ಬೋರ್ಡೇ ಇರುವುದಿಲ್ಲ, ನಕ್ಷೆಯಲ್ಲಿ ಹೆಸರು ಎಲ್ಲಿಂದ ಬರಬೇಕು?

3. ಹಿಟ್ಟಿನ ಗಿರಣಿಯಲ್ಲಿ ವಿಚಾರಿಸಿ

ಊರಿನಲ್ಲಿ ಯಾರ ಮನೆಯಲ್ಲಿ ಎಷ್ಟು ರೊಟ್ಟಿ ಆಗುತ್ತದೆ ಎಂಬ ನಿಖರ ಲೆಕ್ಕ ಗಿರಣಿಯವರ ಬಳಿ ಇರುತ್ತದೆ. ಮನೆಮಂದಿಗೆ ಬೀಸಿಸುವವರು ವಾರಕ್ಕೊಮ್ಮೆ ಡಬ್ಬಿ ತರುತ್ತಾರೆ. ರೊಟ್ಟಿ ಮಾರುವವರು ದಿನಾ ತರುತ್ತಾರೆ. ‘ದಿನಾ ಜ್ವಾಳ ಬೀಸಸೋರು ಯಾರು?’ ಎಂದರೆ ಸಾಕು, ವಿಳಾಸ ಸಿಕ್ಕಿತು. ಎರಡನೆಯ ಬಾತ್ಮೀದಾರರು ಎ.ಪಿ.ಎಂ.ಸಿ.ಯ ಹಮಾಲರು. ಬೆಳಗಿನಿಂದ ಚೀಲ ಹೊತ್ತ ಮೈಗೆ ಸಪ್ಪೆ ಊಟ ನಡೆಯುವುದಿಲ್ಲ, ದುಬಾರಿ ಊಟವೂ ನಡೆಯುವುದಿಲ್ಲ. ಮೂರನೆಯವರು ಬಸ್ ಕಂಡಕ್ಟರುಗಳು: ಕಡಿಮೆ ಹೊತ್ತಿನಲ್ಲಿ ಬಿಸಿಯಾಗಿ ಎಲ್ಲಿ ಬಡಿಸುತ್ತಾರೆಂಬುದು ಅವರಿಗೆ ಗೊತ್ತು. ಲಾರಿಗಳು ನಿಂತ ಕಡೆ ಊಟ ಒಳ್ಳೆಯದು ಎಂಬ ಮಾತನ್ನು ಮಾತ್ರ ಪಕ್ಕಕ್ಕಿಡಿ. ಲಾರಿ ನಿಲ್ಲುವುದಕ್ಕೆ ಮೊದಲು ಬೇಕಾದದ್ದು ಬಯಲು.

4. ತಿಂಗಳ ಲೆಕ್ಕದ ಗಿರಾಕಿಗಳಿರುವ ಖಾನಾವಳಿ ಹುಡುಕಿ

ತಳಕಲ್ಲಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಕೊಪ್ಪಳ, ಗಂಗಾವತಿಗಳಲ್ಲಿ ಕಾಲೇಜು, ಬ್ಯಾಂಕು, ಕಚೇರಿಗಳು ತುಂಬಿವೆ. ಬೇರೆ ಊರಿನಿಂದ ಬಂದ ಮಾಸ್ತರರು, ಗುಮಾಸ್ತರು, ವಿದ್ಯಾರ್ಥಿಗಳು ಒಂದೇ ಖಾನಾವಳಿಯಲ್ಲಿ ತಿಂಗಳಿಗೆ ದುಡ್ಡು ಕಟ್ಟಿ ಉಣ್ಣುತ್ತಾರೆ. ಇವತ್ತು ಬಂದು ನಾಳೆ ಹೋಗುವ ಗಿರಾಕಿಗೆ ದಿನವೂ ಅದೇ ಬದನೆಕಾಯಿ ಬಡಿಸಿದರೂ ನಡೆಯುತ್ತದೆ. ದಿನಾ ಎದುರಿಗೆ ಕೂರುವವರಿಗೆ ಹಾಗೆ ಬಡಿಸಿದರೆ ಮೂರನೇ ದಿನ ತಕರಾರು. ಆದ್ದರಿಂದ ಅಂಥ ಕಡೆ ಸೋಮವಾರ ಮಡಕಿಕಾಳು, ಮಂಗಳವಾರ ಹೀರೇಕಾಯಿ, ಬುಧವಾರ ಮೆಂತೆಪಲ್ಯ ಎಂದು ಪಲ್ಯ ತಿರುಗುತ್ತಿರುತ್ತದೆ. ಎಣ್ಣೆಯೂ ಖಾರವೂ ಹದ್ದಿನಲ್ಲಿರುತ್ತವೆ. ಗೋಡೆಗೆ ತೂಗುಹಾಕಿದ ಲೆಕ್ಕದ ವಹಿ ಕಂಡರೆ ಧೈರ್ಯವಾಗಿ ಒಳಗೆ ಹೋಗಿ.

5. ಕೂರುವ ಮೊದಲು ಕಿವಿ ಕೊಡಿ

ಅಡುಗೆಮನೆಯಿಂದ ರೊಟ್ಟಿ ಬಡಿಯುವ ಪಟಪಟ ಸಪ್ಪಳ ಬರುತ್ತಿದೆಯೇ? ಬರುತ್ತಿದ್ದರೆ ಕೂತುಬಿಡಿ. ಜೋಳದ ಹಿಟ್ಟಿಗೆ ಗೋಧಿಯಂಥ ಹಿಗ್ಗುವ ಅಂಟಿಲ್ಲ. ಕುದಿಯುವ ಎಸರು ಹಾಕಿ ನಾದಿ, ಕೈಯಿಂದ ಬಡಿದು ಹರಡಿ, ಹೆಂಚಿನ ಮೇಲೆ ನೀರು ಸವರಿ ಬೇಯಿಸಿದರೆ ಮಾತ್ರ ಅದು ಉಬ್ಬುತ್ತದೆ. ಹಿಟ್ಟು ಹಳತಾದಂತೆ ಜಿಗಿ ಕಳೆದುಕೊಳ್ಳುತ್ತದೆ, ಅಂಚು ಬಿರಿಯುತ್ತದೆ, ರುಚಿ ಕಹಿಯ ಕಡೆ ವಾಲುತ್ತದೆ. ಪರೀಕ್ಷೆ ಸುಲಭ: ರೊಟ್ಟಿಯ ಮೇಲ್ಪದರ ಹಾಳೆಯ ಹಾಗೆ ಎದ್ದು ಬರಬೇಕು, ಮಡಚಿದರೆ ಮುರಿಯಬಾರದು, ಪಲ್ಯವಿಲ್ಲದೆ ತಿಂದರೂ ನಾಲಗೆಗೆ ತುಸು ಸಿಹಿ ಹತ್ತಬೇಕು. ಹಿಂಗಾರಿ ಮಾಲದಂಡಿ ಜೋಳವಾದರೆ ಈ ಮೂರೂ ಸಲೀಸು. ಬುಟ್ಟಿಯಲ್ಲಿ ಮುಚ್ಚಿಟ್ಟದ್ದನ್ನೇ ಕೊಡುತ್ತಿದ್ದರೆ ಬೇಜಾರಿಲ್ಲದೆ ಹೇಳಿ: ‘ಯಕ್ಕಾ, ಬಿಸೀದು ಬರೂ ಮಟಾ ಕಾಯ್ತೀನಿ.’ ಕಾಯುವವರನ್ನು ಕಂಡರೆ ಬಡಿಯುವವರಿಗೂ ಹುರುಪು.

6. ತಾಟಿನ ಅಂಚಿನಲ್ಲಿ ಊಟದ ಗುಣ ಗೊತ್ತಾಗುತ್ತದೆ

ಎಣಗಾಯಿಯನ್ನು ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ. ಅದು ಖಾನಾವಳಿಯ ಮುಖಕ್ಕೆ ಹಚ್ಚಿದ ಪೌಡರು. ಅಂಚಿನಲ್ಲಿ ಬರುವುದನ್ನು ನೋಡಿ. ಶೇಂಗಾ ಹಿಂಡಿ ಕುಟ್ಟಿದ್ದೋ ಮಿಕ್ಸರಿನದೋ? ಕುಟ್ಟಿದ್ದಾದರೆ ಎಣ್ಣೆ ಬಿಟ್ಟು ಮುದ್ದೆಯಾಗಿರುತ್ತದೆ, ಬಳ್ಳೊಳ್ಳಿ ವಾಸನೆ ಮುಂದೆ ಬರುತ್ತದೆ. ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಎರಡರಲ್ಲಿ ಒಂದಾದರೂ ಇರಬೇಕು. ಹಸಿ ಉಳ್ಳಾಗಡ್ಡಿ, ಸೌತಿಕಾಯಿ, ಮೂಲಂಗಿ, ಎಳೆ ಮೆಂತೆಸೊಪ್ಪು ಅಥವಾ ಹಕ್ಕರಕಿ ಕೇಳದೆ ಬಂದರೆ ಆ ಮನೆಯವರು ಬೆಳಿಗ್ಗೆ ಎದ್ದು ಸಂತೆಗೆ ಹೋದವರು. ಮೊಸರು ಗಟ್ಟಿ ಇದ್ದು ಕೆನೆ ಕಂಡರೆ ಎಮ್ಮೆಯ ಹಾಲಿನದು. ಎರಡು ಪಲ್ಯಗಳಲ್ಲಿ ಒಂದು ಕಾಳಿನದು, ಒಂದು ಸೊಪ್ಪಿನದು ಅಥವಾ ಕಾಯಿಯದು ಇದ್ದರೆ ಲೆಕ್ಕ ಸರಿ. ಪನೀರ್ ಪಲ್ಯವನ್ನು ತಂದಿಟ್ಟು ‘ಸ್ಪೆಷಲ್’ ಎಂದರೆ ಬಿಲ್ಲು ಕೂಡ ಸ್ಪೆಷಲ್ಲೇ.

7. ಗಡಿಯಾರಕ್ಕೆ ಹೊಂದಿಕೊಳ್ಳಿ

ಬೆಳಿಗ್ಗೆ ಏಳರಿಂದ ಹತ್ತರವರೆಗೆ ಒಗ್ಗರಣಿಯ ಹೊತ್ತು. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆಗೆ ಹಾಕಿ, ಮೇಲೆ ಪುಠಾಣಿ ಹಿಟ್ಟು ಉದುರಿಸುತ್ತಾರೆ. ಜೊತೆಗೆ ಮಿರ್ಚಿ ಇರಲೇಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ ಎಲ್ಲ ಕಡೆ ಬೆಳಗಾಗುವುದು ಇದರಿಂದಲೇ. ಹನ್ನೊಂದಕ್ಕೆ ಹೋದರೆ ತಳ ಹಿಡಿದದ್ದು ಸಿಗುತ್ತದೆ. ರೊಟ್ಟಿ ಊಟಕ್ಕೆ ಹನ್ನೆರಡೂವರೆಯಿಂದ ಎರಡು ಗಂಟೆ. ಆಮೇಲೆ ಹೆಂಚು ಇಳಿಸುತ್ತಾರೆ. ಸಂಜೆ ಐದರ ಮೇಲೆ ಬಂಡಿಗಳ ಕಾಲ: ಮಿರ್ಚಿ, ಅಲಸಂದಿ ವಡೆ, ಗದಗಿನ ಕಡೆಯಾದರೆ ಬದನೆಕಾಯಿ ಭಜಿ, ಗಿರಮಿಟ್. ಬಾಣಲೆಯಿಂದ ಹೊಸ ಘಾಣ ಇಳಿಯುವವರೆಗೆ ನಿಂತು ಕೊಳ್ಳಿ. ಗಾಜಿನ ಡಬ್ಬಿಯಲ್ಲಿ ಪೇರಿಸಿಟ್ಟದ್ದು ಮತ್ತೆ ಎಣ್ಣೆ ಕಂಡು ಬಂದಿರಬಹುದು.

8. ಪಂಚಾಂಗವನ್ನೇ ಮೆನುಕಾರ್ಡ್ ಮಾಡಿಕೊಳ್ಳಿ

ಇಲ್ಲಿನ ಅಪರೂಪದ ತಿನಿಸುಗಳು ಯಾವ ಹೋಟೆಲಿನ ಪಟ್ಟಿಯಲ್ಲೂ ಇರುವುದಿಲ್ಲ. ಅವಕ್ಕೆ ತಿಥಿ ಇದೆ. ಪ್ರವಾಸದ ದಿನ ಗೊತ್ತುಮಾಡುವಾಗ ಇದನ್ನು ಎದುರಿಗಿಟ್ಟುಕೊಳ್ಳಿ:

ನಾಗರಪಂಚಮಿ: ಶೇಂಗಾ ಉಂಡಿ, ಬೇಸನ್ ಉಂಡಿ, ಅಳ್ಳಿಟ್ಟು, ಜೋಳದ ಅಳ್ಳು.

ಸೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆ: ಹೊಲದಲ್ಲಿ ಚರಗ ಚೆಲ್ಲುವ ದಿನಗಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕರಿಗಡಬು, ಪುಂಡಿಪಲ್ಯ.

ಡಿಸೆಂಬರ್ ಕೊನೆಯಿಂದ ಫೆಬ್ರುವರಿ: ಹಾಲುಗಾಳಿನ ಜೋಳದ ತೆನೆ ಸುಟ್ಟು ತಿಕ್ಕಿದ ಸೀತನಿ, ಹಸಿ ಕಡಲೆಯ ಸುಲಗಾಯಿ.

ಮೊಹರಂ: ಬೆಲ್ಲ ಸೇರಿದ ಚೊಂಗೆ. ಅಲಾಯಿ ಕುಣಿತಕ್ಕೆ ಎಲ್ಲ ಜಾತಿಯವರೂ ಸೇರುವ ಸೀಮೆ ಇದು. ಚೊಂಗೆಯೂ ಓಣಿಯ ತುಂಬ ಹಂಚಿಕೆಯಾಗುತ್ತದೆ.

ಮೇ ತಿಂಗಳು: ಕೊಪ್ಪಳದ ಕೇಸರ್ ಮಾವು. ತಳಿಯ ಮೂಲ ಗುಜರಾತಿನ ಜುನಾಗಢ. ತೋಟಗಾರಿಕೆ ಇಲಾಖೆ ಕೊಪ್ಪಳದಲ್ಲಿ ನಡೆಸುವ ಮಾವು ಮೇಳದಲ್ಲಿ ಬೆಳೆಗಾರರ ಕೈಯಿಂದಲೇ ಕೊಳ್ಳಬಹುದು.

ಚರಗದ ದಿನ ಹೊಲದ ದಾರಿಯಲ್ಲಿ ನಡೆದುಹೋಗುವವರನ್ನು ‘ಬರ್ರಿ, ಉಂಡು ಹೋಗ್ರಿ’ ಎಂದು ಕರೆಯುವ ರೂಢಿ ಇನ್ನೂ ಇದೆ. ಕರೆದರೆ ಸಂಕೋಚ ಬೇಡ. ಕರೆಯದೆ ನುಗ್ಗುವುದು ಬೇಡ.

9. ಗವಿಮಠದ ಜಾತ್ರೆಯನ್ನು ತಪ್ಪಿಸಿಕೊಳ್ಳಬೇಡಿ

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತದೆ. ರಥೋತ್ಸವಕ್ಕೆ ಎಷ್ಟು ಹೆಸರೋ ಮಹಾದಾಸೋಹಕ್ಕೂ ಅಷ್ಟೇ ಹೆಸರು. ಸುತ್ತಲ ಹಳ್ಳಿಗಳಲ್ಲಿ ವಾರಗಟ್ಟಲೆ ಮೊದಲೇ ಹೆಣ್ಣುಮಕ್ಕಳು ಒಟ್ಟಾಗಿ ಕೂತು ರೊಟ್ಟಿ ಬಡಿಯುತ್ತಾರೆ. ಲಕ್ಷಗಟ್ಟಲೆ ರೊಟ್ಟಿಗಳು ಟ್ರ್ಯಾಕ್ಟರುಗಳಲ್ಲಿ ಮಠಕ್ಕೆ ಬರುತ್ತವೆ. ರೊಟ್ಟಿ, ಕಾಳುಪಲ್ಯ, ಹಿಂಡಿ, ಮಾದಲಿ, ಒಂದು ದಿನ ಎಲ್ಲರ ತಾಟಿಗೂ ಮಿರ್ಚಿ. ಇಡೀ ಜಿಲ್ಲೆಯ ಕೈರುಚಿಯನ್ನು ಒಂದೇ ತಾಟಿನಲ್ಲಿ ನೋಡಬೇಕಾದರೆ ಇದಕ್ಕಿಂತ ಬೇರೆ ಜಾಗವಿಲ್ಲ. ತೇರಿನ ದಿನದ ನೂಕುನುಗ್ಗಲು ಬೇಡವೆಂದರೆ ಎರಡು ಮೂರು ದಿನ ಬಿಟ್ಟು ಹೋಗಿ, ದಾಸೋಹ ಮುಂದುವರಿಯುತ್ತಿರುತ್ತದೆ. ಬಡಿಸಿಕೊಂಡದ್ದನ್ನು ಬಿಡಬೇಡಿ. ಸಾಧ್ಯವಾದರೆ ಒಂದು ಚೀಲ ಜೋಳವೋ ಬೇಳೆಯೋ ಒಯ್ದು ಒಪ್ಪಿಸಿ. ಅಲ್ಲಿ ಉಣ್ಣುವ ಹಳ್ಳಿಯವರು ಮಾಡುವುದೂ ಅದನ್ನೇ.

10. ಒಂದು ದಿನ ಮೊದಲೇ ಹೇಳಿಡಿ

ಎಷ್ಟೋ ತಿನಿಸುಗಳು ಸಿಗದೇ ಇರುವುದಕ್ಕೆ ಕಾರಣ ಕೇಳುವವರಿಲ್ಲದಿರುವುದು. ಬಿಸಿ ರೊಟ್ಟಿಯನ್ನು ಬಳ್ಳೊಳ್ಳಿ, ಮೆಣಸಿನಕಾಯಿ, ಎಣ್ಣೆಯ ಜೊತೆ ಕುಟ್ಟಿ ಹಿಡಿದ ಮುಟಗಿ, ಜೋಳದ ನುಚ್ಚು–ಮಜ್ಜಿಗೆ, ನವಣಕ್ಕಿ ಅನ್ನ, ಝುಣಕದ ವಡಿ, ಗೋಧಿ ಹುಗ್ಗಿ: ಮಾಡಬಲ್ಲ ಕೈಗಳು ಪ್ರತಿ ಖಾನಾವಳಿಯಲ್ಲೂ ಇವೆ. ಆದರೆ ‘ಪ್ಯಾಟಿ ಮಂದಿ ಇದನ್ನೆಲ್ಲ ಎಲ್ಲಿ ತಿಂತಾರ?’ ಎಂದುಕೊಂಡು ಮಾರಾಟಕ್ಕೆ ಇಡುವುದಿಲ್ಲ. ಹಿಂದಿನ ದಿನ ಹೋಗಿ, ಎಷ್ಟು ಮಂದಿ, ಎಷ್ಟು ಗಂಟೆಗೆ ಎಂದು ಹೇಳಿ, ಮುಂಗಡ ಕೊಟ್ಟು ಬನ್ನಿ. ನಾಲ್ಕೈದು ಮಂದಿಯಾದರೂ ಇದ್ದರೆ ಒಪ್ಪುತ್ತಾರೆ. ಹತ್ತು ಬಗೆ ಕೇಳಬೇಡಿ, ಎರಡೇ ಕೇಳಿ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ನಗರಗಳಲ್ಲಿ ನವಣೆ ದುಬಾರಿ ಬಟ್ಟಲು ಸೇರಿದೆ. ಕುಷ್ಟಗಿಯಲ್ಲಿ ಅದೇ ನವಣಕ್ಕಿ ಅನ್ನವನ್ನು ಹುಳಿಸಾರಿನೊಂದಿಗೆ ಸಾದಾ ಊಟವಾಗಿ ಉಣ್ಣಬಹುದು, ಮೊದಲೇ ಹೇಳಿದ್ದರೆ.

11. ಸಂತೆಗೆ ಮುಂಜಾನೆ ಹೋಗಿ

ಪ್ರತಿ ದೊಡ್ಡ ಊರಿಗೂ ವಾರದ ಸಂತೆ ಇದೆ. ದಿನ ಯಾವುದೆಂದು ಬಸ್ ನಿಲ್ದಾಣದ ಚಾ ಅಂಗಡಿಯಲ್ಲಿ ಕೇಳಿದರೆ ಸಾಕು. ಕಟ್ಟೆ ಮೇಲಿನ ದೊಡ್ಡ ಅಂಗಡಿ ದಾಟಿ, ನೆಲದ ಮೇಲೆ ಗೋಣಿ ಹಾಸಿ ಕೂತ ಅಜ್ಜಿಯರ ಸಾಲಿಗೆ ಹೋಗಿ. ಹೊಲದ ಬದುವಿನಿಂದ ಕಿತ್ತು ತಂದ ಸೊಪ್ಪು ಅಲ್ಲಿರುತ್ತದೆ: ಕಿರಕಸಾಲಿ, ಹಕ್ಕರಕಿ, ಪುಂಡಿ, ಚಳಿಗಾಲದಲ್ಲಿ ಎಳೆ ಕಡಲೆಸೊಪ್ಪು, ಬೇಸಿಗೆಯಲ್ಲಿ ಅದೇ ಸೊಪ್ಪು ಒಣಗಿಸಿದ್ದು. ಹತ್ತು ಗಂಟೆಯೊಳಗೆ ಖಾಲಿ. ಕೊಂಡು ಸುಮ್ಮನಾಗಬೇಡಿ, ಕೇಳಿ: ‘ಯವ್ವಾ, ಇದಕ್ಕ ಏನ್ ಹಾಕಿ ಮಾಡ್ತೀರಿ?’ ಅಡುಗೆಯ ಪಾಠ ಪುಕ್ಕಟೆ. ಸೊಪ್ಪನ್ನು ನೇರ ಖಾನಾವಳಿಗೆ ಒಯ್ದು ‘ಇದನ್ನ ಮಾಡಿಕೊಡ್ರಿ’ ಎಂದರೆ ಪರಿಚಯವಿದ್ದಲ್ಲಿ ಮಾಡಿಕೊಡುತ್ತಾರೆ.

12. ಮಾಂಸದೂಟಕ್ಕೆ ದಾರಿ ಬೇರೆ

ಖಾನಾವಳಿಯ ಹೆಸರೇ ಒಳಗಿನ ಅಡುಗೆಯನ್ನು ಹೇಳುತ್ತದೆ. ಬಸವೇಶ್ವರ, ಲಿಂಗಾಯತ ಎಂದಿದ್ದರೆ ಶಾಕಾಹಾರ. ಸಾವಜಿ ಎಂದಿದ್ದರೆ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರ ಖಾರದ ಮಾಂಸದಡುಗೆ. ಹುಬ್ಬಳ್ಳಿ, ಗದಗ–ಬೆಟಗೇರಿ ಇದಕ್ಕೆ ಹೆಸರಾದ ಊರುಗಳು. ತಳಕಲ್ಲಿನಿಂದ ಗದಗಿಗೆ ರೈಲು ಹತ್ತಿದರೆ ದೂರವೇನಲ್ಲ. ಮೊದಲು ಬರೀ ಸಾರು ತರಿಸಿ ಖಾರದ ಅಳತೆ ನೋಡಿಕೊಳ್ಳಿ, ಆಮೇಲೆ ಖೀಮಾ ಉಂಡಿ ಹೇಳಿ. ಮೀನಿಗೆ ಮುನಿರಾಬಾದ್ ಕಡೆ ಹೋಗಿ. ತುಂಗಭದ್ರಾ ಜಲಾಶಯದ ಮೀನುಗಾರರ ಬಲೆಗೆ ಬಿದ್ದದ್ದು ಅಂದೇ ಬಾಣಲೆ ಸೇರುವ ಸಾಧ್ಯತೆ ಅಲ್ಲಿ ಹೆಚ್ಚು. ‘ಇದು ಡ್ಯಾಮಿಂದೋ, ಐಸ್ ಪೆಟ್ಟಿಗೀದೋ?’ ಎಂದು ನೇರವಾಗಿ ಕೇಳಿ. ಕಣ್ಣು ತಿಳಿಯಾಗಿ ಕಿವಿರು ಕೆಂಪಗಿದ್ದರೆ ಉತ್ತರಕ್ಕೆ ಕಾಯಬೇಕಿಲ್ಲ.

13. ಕಟ್ಟಿಸಿಕೊಂಡು ಹೋಗುವುದನ್ನು ಆರಿಸಿ ಕೊಳ್ಳಿ

ಖಡಕ್ ರೊಟ್ಟಿ ಕೊಳ್ಳಿ. ತೇವ ತಾಗದಂತೆ ಬಟ್ಟೆಯಲ್ಲಿ ಸುತ್ತಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಹಿಂಡಿ ಕೊಳ್ಳುವಾಗ ಕುಟ್ಟಿದ ದಿನ ಕೇಳಿ. ಶೇಂಗಾದ್ದು ಬೇಗ ಕಮಟು ಹಿಡಿಯುತ್ತದೆ. ಜೋಳದ ಹಿಟ್ಟು ಕೊಳ್ಳಬೇಡಿ, ಜೋಳವನ್ನೇ ಕೊಂಡು ನಿಮ್ಮೂರಿನಲ್ಲಿ ಬೀಸಿಸಿ. ಗಂಗಾವತಿಯಲ್ಲಿ ಸೋನಾ ಮಸೂರಿ ಕೊಳ್ಳುವವರು ಹಳೆ ಅಕ್ಕಿ ಕೇಳಿ. ಹೊಸದು ಅನ್ನವಾದಾಗ ಮುದ್ದೆಯಾಗುತ್ತದೆ. ಕುಷ್ಟಗಿಯಿಂದ ಇಳಕಲ್ ಹಾದಿ ಹಿಡಿದವರು ಇನ್ನಷ್ಟು ಮುಂದೆ ಅಮೀನಗಡಕ್ಕೆ ಹೋದರೆ ಕರದಂಟು. ಸ್ತ್ರೀಶಕ್ತಿ ಸಂಘಗಳ ಮಳಿಗೆ ಕಂಡರೆ ಅಲ್ಲೇ ಕೊಳ್ಳಿ, ಮಾಡಿದವರೇ ಮಾರುವುದರಿಂದ ಪ್ರಶ್ನೆಗೆ ಉತ್ತರ ಸಿಗುತ್ತದೆ.

14. ಬೆಂಗಳೂರಿನಲ್ಲೂ ಇದೇ ಸೂತ್ರ ಹಚ್ಚಿ, ಬೆಲೆಯಲ್ಲಿ ಚೌಕಾಸಿ ಬಿಡಿ

ಕುಷ್ಟಗಿ, ಯಲಬುರ್ಗಾದ ಎಷ್ಟೋ ಕುಟುಂಬಗಳು ಮಳೆ ಕೈಕೊಟ್ಟ ವರ್ಷ ಗುಳೆ ಹೋಗಿವೆ. ಬೆಂಗಳೂರಿನ ಕಟ್ಟಡ ಕೆಲಸದ ಬಡಾವಣೆಗಳಲ್ಲಿ, ಮಂಗಳೂರು, ಗೋವೆಗಳಲ್ಲಿ ಅವರು ಇದ್ದಾರೆ. ನಗರದಲ್ಲಿ ‘ಉತ್ತರ ಕರ್ನಾಟಕ ಶೈಲಿ’ ಎಂಬ ಫಲಕ ಹುಡುಕುವ ಬದಲು ಆ ಬಡಾವಣೆಗಳ ಹಿಟ್ಟಿನ ಗಿರಣಿ ಹುಡುಕಿ. ಜೋಳ ಬೀಸುತ್ತಿದ್ದರೆ ಪಕ್ಕದ ಓಣಿಯಲ್ಲೇ ರೊಟ್ಟಿ ಇದೆ. ಹುಬ್ಬಳ್ಳಿಯಲ್ಲಿ ಸಂಜೆ ದುರ್ಗದಬೈಲ್ ಸುತ್ತಿದರೆ ಮಿರ್ಚಿ, ಗಿರಮಿಟ್ಟಿಗೆ ಬೇರೆ ಹುಡುಕಾಟ ಬೇಕಿಲ್ಲ.

ಇನ್ನು ದುಡ್ಡಿನ ಮಾತು. ಕೈಯಿಂದ ಬಡಿದ ಒಂದು ರೊಟ್ಟಿಯ ಹಿಂದೆ ಉರಿಯ ಎದುರು ಕೂತ ಒಬ್ಬ ಹೆಣ್ಣುಮಗಳ ದುಡಿಮೆ ಇದೆ. ಆ ಕೆಲಸಕ್ಕೆ ಹೊಸಬರು ಬರುವುದು ಕಡಿಮೆಯಾಗುತ್ತಿದೆ, ಯಂತ್ರದ ರೊಟ್ಟಿ ಹೆಚ್ಚುತ್ತಿದೆ. ಪಿಜ್ಜಾಕ್ಕೆ ಕೇಳದೆ ಕೊಡುವವರು ರೊಟ್ಟಿ ಊಟಕ್ಕೆ ಹತ್ತು ರೂಪಾಯಿ ಇಳಿಸಲು ವಾದಿಸಬೇಡಿ. ಉಂಡದ್ದು ರುಚಿಸಿದರೆ ಬಡಿದವರನ್ನು ಹೊರಗೆ ಕರೆದು ಹೇಳಿ, ಫೋನ್ ನಂಬರು ಕೇಳಿಟ್ಟುಕೊಳ್ಳಿ, ಮುಂದಿನ ಸಲ ಹೊರಡುವ ಹಿಂದಿನ ದಿನವೇ ಕರೆ ಮಾಡಿ: ‘ಯಕ್ಕಾ, ನಾಳಿಗೆ ಐದು ಮಂದಿ. ಪುಂಡಿಪಲ್ಯ, ಮುಟಗಿ.’